ಕಡ್ಡಿಗೆ ಹಾಕಿದ ಗಂಟುಗಳು

ಬ್ಯಾಡಗಿಯಿಂದ ಹಾವೇರಿಗೆ ಹೋಗುವ ಬಸ್ಸಿನಲ್ಲಿ ನಾನು ನಮ್ಮ ಅಕ್ಕನಿಗೆ ಒಂದು ಮಾತು ಹೇಳಬೇಕಾಗಿತ್ತು. ಹೇಳಲಿಲ್ಲ. ಮೋಟೆಬೆನ್ನೂರು ಕ್ರಾಸ್ ಬಂತು, ಹೋಯಿತು. ಹಾವೇರಿಯ ಬಸ್ ಸ್ಟ್ಯಾಂಡೂ ಬಂತು. ನನ್ನ ಬಾಯಿ ತೆರೆಯಲೇ ಇಲ್ಲ. ಹಾಗಂದರೂ ಸುಳ್ಳಾಗುತ್ತದೆ, ಶೇಂಗಾ ತಿನ್ನಲು ಚೆನ್ನಾಗಿಯೇ ತೆರೆದಿತ್ತು! ಆ ಒಂದು ಮಾತು ಹೊರಗೆ ಬರಲು ಮುಂದೆ ನಾಲ್ಕು ವರ್ಷ ಹಿಡಿಯಿತು.

ಮಾತು ಏನೆಂದು ಹೇಳುವ ಮೊದಲು ಅಕ್ಕ ಎಂಥವಳೆಂದು ಹೇಳಬೇಕು. ಊರಿನವರೆಲ್ಲ ನಾಲ್ಕು ಜನರಿಗೆ ಕಾಣಲಿ ಎಂದು ಕೆಲಸ ಮಾಡಿದರೆ, ನಮ್ಮಕ್ಕ ಯಾರಿಗೂ ಕಾಣದ ಕಡೆ ಮಾತ್ರ ಕೆಲಸ ಮಾಡುವವಳು! ದಿಂಬಿನ ಕವರು ಹೊಲಿದರೆ ಒಳಮಗ್ಗುಲಿಗೆ ಎರಡು ಸಲ ಹೊಲಿಗೆ. ಟ್ರಂಕು ಒರೆಸಿದರೆ ಮೊದಲು ಅದರ ತಳ.

"ಟ್ರಂಕಿನ ಬುಡಾ ಯಾರು ನೋಡತಾರವ್ವಾ?" ಎಂದು ಅವ್ವ ಹಣೆ ಚಚ್ಚಿಕೊಂಡರೆ, "ಯಾರೂ ನೋಡಂಗಿಲ್ಲ, ಅದಕ್ಕ ಒರಸಾಕತ್ತೇನಿ" ಎನ್ನುತ್ತಿದ್ದಳು.

ಅವಳ ಉದ್ಯೋಗವೂ ಇದಕ್ಕೆ ತಕ್ಕದ್ದೇ. ರಾಣೆಬೆನ್ನೂರಿನ ಹತ್ತಿರ ಹತ್ತಿ ಬೀಜದ ಪ್ಲಾಟುಗಳಲ್ಲಿ ಕ್ರಾಸಿಂಗ್ ಮಾಡಿಸುವ ಮೇಲ್ವಿಚಾರಕಿ. ಇಂದು ಸಂಜೆ ಮೊಗ್ಗು ಬಿಡಿಸಿ ಗಂಡು ಭಾಗ ತೆಗೆಯುವುದು, ನಾಳೆ ಬೆಳಿಗ್ಗೆ ಬೇರೆ ತಳಿಯ ಪರಾಗ ತಂದು ಮುಟ್ಟಿಸುವುದು, ಮುಟ್ಟಿಸಿದ ಗುರುತಿಗೆ ಹೂವಿನ ತೊಟ್ಟಿಗೆ ಒಂದು ದಾರ ಕಟ್ಟುವುದು. ನಾನೂ ಏಳನೇ ಇಯತ್ತೆ ಬಿಟ್ಟ ಮೇಲೆ ಅವಳ ಕೈಕೆಳಗೆ ಇದೇ ಕೆಲಸಕ್ಕೆ ಸೇರಿದವಳು. ಕೆಲವು ಕಳ್ಳಿಯರು ಮೊಗ್ಗನ್ನೂ ಬಿಡಿಸದೆ, ಪರಾಗವನ್ನೂ ಮುಟ್ಟಿಸದೆ ಬರೀ ದಾರ ಕಟ್ಟಿ ಮುಂದೆ ಹೋಗುತ್ತಿದ್ದರು. ನೋಡಿದರೆ ಗೊತ್ತಾಗುವುದಿಲ್ಲ. ಮುಂದಿನ ವರ್ಷ ಆ ಬೀಜ ಬಿತ್ತಿ ನೋಡಿದಾಗಲೇ ಬಯಲು! ಸುಳ್ಳು ದಾರ ಕಟ್ಟಿದವರನ್ನು ಅಕ್ಕ ಬೈಯುತ್ತಿರಲಿಲ್ಲ. ಅವರ ಕಡೆ ಸುಮ್ಮನೆ ಒಮ್ಮೆ ನೋಡುತ್ತಿದ್ದಳು. ಬೈಸಿಕೊಳ್ಳುವುದೇ ಎಷ್ಟೋ ವಾಸಿ.

ಇಂಥವಳ ಕೈಗೆ ಒಂದು ಆಟದ ಯಂತ್ರ ಸಿಕ್ಕರೆ ಏನಾಗಬೇಡ!

ಮೊಬೈಲಿನಲ್ಲಿ ಹಾವಿನ ಆಟ ಬಿಟ್ಟು ಮತ್ತೇನೂ ಇಲ್ಲದ ಕಾಲ ಅದು. ಹಾವೇರಿಯಲ್ಲಿ ಗಡಿಯಾರದ ಅಂಗಡಿ ಇಟ್ಟಿದ್ದ ನಮ್ಮ ಚಿಕ್ಕಪ್ಪನ ಮಗ, ಕಾಲೇಜು ಹುಡುಗ, ಅಂಗೈ ಅಗಲದ ಒಂದು ಯಂತ್ರ ಇಟ್ಟುಕೊಂಡಿದ್ದ. ಕಾಡುಮೇಡು ತಿರುಗಿ ಚಿತ್ರವಿಚಿತ್ರ ಪ್ರಾಣಿಗಳನ್ನು ಹಿಡಿದು, ಸಾಕಿ, ಒಂದಕ್ಕೊಂದು ಕಾದಾಟಕ್ಕೆ ಬಿಡುವ ಆಟ. ಅವನಿಗೆ ಹೊಸದು ಬಂದ ಮೇಲೆ ಹಳೆಯದನ್ನು ಅಕ್ಕನಿಗೆ ಆಡಲು ಕೊಟ್ಟ. ಇಪ್ಪತ್ತೈದು ದಾಟಿದ ಹೆಣ್ಣುಮಗಳು ಇದನ್ನು ಏನು ಆಡುತ್ತಾಳೆ ಎಂದುಕೊಂಡಿರಬೇಕು, ಪಾಪ!

ಅಕ್ಕ ಅದರಲ್ಲಿ ಮುಂಗುಸಿಯಂಥ, ಬೆಂಕಿ ಉಗುಳುವ ಒಂದು ಪ್ರಾಣಿ ಹಿಡಿದಳು. ತೆಳ್ಳಗೆ ಉದ್ದಕ್ಕಿದ್ದುದರಿಂದ ನಮ್ಮೂರಿನ ಕಡ್ಡಿ ಮೆಣಸಿನಕಾಯಿಯ ಹೆಸರನ್ನೇ ಇಟ್ಟಳು, ಕಡ್ಡಿ. ಅವಳನ್ನು ನೋಡಲು ಗುತ್ತಲದಿಂದ ವರನ ಕಡೆಯವರು ಬಂದಾಗ ವರನ ತಾಯಿ, "ಹೊಲದ ಕೆಲಸ ಬಿಟ್ಟು ಮತ್ತೇನು ಮಾಡತೀಯವ್ವಾ?" ಎಂದು ಕೇಳಿದರು.

"ಒಂದು ಪ್ರಾಣಿ ಸಾಕೇನ್ರಿ."

"ಚಲೋ ಆತು. ಹಾಲು ಎಷ್ಟು ಕೊಡತೈತಿ?"

"ಹಾಲು ಕೊಡಂಗಿಲ್ರಿ. ಬೆಂಕಿ ಉಗಳತೈತ್ರಿ."

ಅವರು ಚಹಾ ಅರ್ಧಕ್ಕೇ ಇಟ್ಟು ಎದ್ದರು. ಅವ್ವ ಎರಡು ದಿನ ಅಕ್ಕನ ಕೂಡ ಮಾತು ಬಿಟ್ಟಳು. ಅಕ್ಕ ಆ ಎರಡು ದಿನದಲ್ಲಿ ಕಡ್ಡಿಯನ್ನು ನಾಲ್ಕು ಲೆವೆಲ್ ಏರಿಸಿದಳು.

ಅಷ್ಟರಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಒಂದು ದಿನ ರಾಣೆಬೆನ್ನೂರಿನ ಸೈಬರ್ ಸೆಂಟರಿನಿಂದ ಒಂದು ಹಾಳೆ ಪ್ರಿಂಟು ತೆಗೆಸಿಕೊಂಡು ಬಂದಳು. ಮುಖ ದೇವರು ಕಂಡವರ ಹಾಗಿತ್ತು.

"ಲೇ ತಂಗಿ, ಈ ಆಟದಾಗ ಕಾಣದ ಅಂಕ ಅದಾವ!"

ವಿಷಯ ಇಷ್ಟೇ. ನಮ್ಮ ಪ್ರಾಣಿ ಯಾವ ಪ್ರಾಣಿಯನ್ನು ಸೋಲಿಸುತ್ತದೋ ಅದರ ಗುಣದ ಒಂದಿಷ್ಟು ಒಳಗೊಳಗೇ ಇದಕ್ಕೆ ಸೇರುತ್ತದೆ. ಚುರುಕಾದ ಹಕ್ಕಿಯನ್ನು ಸೋಲಿಸಿದರೆ ಚುರುಕು, ದಪ್ಪ ಹುಳುವನ್ನು ಸೋಲಿಸಿದರೆ ಮೈಗಟ್ಟಿತನ. ಪರದೆಯ ಮೇಲೆ ಅದು ಎಲ್ಲೂ ಬರೆದಿರುವುದಿಲ್ಲ. ಇಂತಿಷ್ಟೇ ಹಿಡಿಸುತ್ತದೆ ಎಂಬ ಮಿತಿಯೂ ಇದೆ. ತಪ್ಪು ಅಂಕ ತುಂಬಿತೋ ಸರಿಯಾದದ್ದಕ್ಕೆ ಜಾಗವಿಲ್ಲ, ತೆಗೆಯಲೂ ಬರುವುದಿಲ್ಲ. ಕಾಣದ ಕಡೆ ಕೆಲಸ ಮಾಡುವ ನಮ್ಮಕ್ಕನಿಗೆಂದೇ ಯಾರೋ ಕೂತು ಮಾಡಿದ ಆಟ!

ಹಾವೇರಿಯ ತಮ್ಮ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕ. "ದೊಡ್ಡಕ್ಕಾ, ಅದೆಲ್ಲಾ ದೊಡ್ಡ ದೊಡ್ಡ ಪಂದ್ಯ ಆಡವ್ರಿಗೆ. ನಮ್ಮಂಥಾ ಸುಮ್ಮ ಆಡವ್ರಿಗೆ ಏನೂ ಬೇಕಾಗಿಲ್ಲ. ಲೆವೆಲ್ ಏರಸು, ಹೊಡಿ, ಮುಗೀತು."

"ಸುಮ್ಮ ಆಡವ್ರ ಪ್ರಾಣಿಗೆ ಒಳಗ ಏನೂ ಇರಂಗಿಲ್ಲೇನು?"

"ಇರವಲ್ದ್ಯಾಕ, ನೋಡವ್ರು ಯಾರು?"

ಈ ಮಾತು ಅಕ್ಕನ ಮುಂದೆ ಆಡಬಾರದಾಗಿತ್ತು. ಪಂದ್ಯ ನಿಗದಿಯಾಯಿತು. ದೀಪಾವಳಿಗೆ ಹಾವೇರಿಯ ಅಂಗಡಿಯಲ್ಲಿ, ಇಬ್ಬರದೂ ಮೂರು ಮೂರು ಪ್ರಾಣಿ, ಎಲ್ಲವೂ ಐವತ್ತನೇ ಲೆವೆಲ್. ಅಕ್ಕ ಗೆದ್ದರೆ ಯಂತ್ರ ಅವಳದೇ. ಸೋತರೆ ಯಂತ್ರ ಮರಳಿ ಅವನಿಗೆ, ಒಳಗಿರುವ ಕಡ್ಡಿಯ ಸಮೇತ.

ಅವನ ಬಳಿಯೂ ಕಡ್ಡಿಯ ಜಾತಿಯದೇ ಒಂದು ಪ್ರಾಣಿ ಇತ್ತು. ಹೆಸರು ಟೈಗರ್. ಎರಡೂ ಒಂದು ಹೊಡೆತಕ್ಕೆ ಎದುರಿನದನ್ನು ಕೆಡವುವಂಥವು. "ಯಾವುದು ಚುರುಕೋ ಅದು ಮೊದಲು ಹೊಡೀತೈತಿ. ಮೊದಲು ಹೊಡದದ್ದು ಗೆಲ್ಲತೈತಿ" ಎಂದಳು ಅಕ್ಕ. ಕಡ್ಡಿಗೆ ಚುರುಕು ತುಂಬಲು ಹಕ್ಕಿಗಳನ್ನು ಸೋಲಿಸತೊಡಗಿದಳು. ಗೆಲುವಿಗೊಂದು ಗಂಟು, ಹತ್ತು ಗಂಟಿಗೊಂದು ದಾರ. ಪ್ಲಾಟಿನ ಬಿಳಿ ದಾರವನ್ನೇ ಕಿಟಕಿಯ ಸರಳಿಗೆ ಕಟ್ಟುತ್ತ ಹೋದಳು. ಚುರುಕಿನ ಮಿತಿ ತುಂಬಲು ಒಟ್ಟು ಇಪ್ಪತ್ತೈದು ದಾರ ಆಗಬೇಕು. ಅವು ಹದಿಮೂರಾಗುವಷ್ಟರಲ್ಲಿ ಕ್ರಾಸಿಂಗ್ ಬಿರುಸಾಯಿತು. ಅಕ್ಕನಿಗೆ ಉಸಿರಾಡಲೂ ಹೊತ್ತಿಲ್ಲ. ಅದೇ ವಾರ ನಾನು ಹೊಲದ ಬದುವಿನಲ್ಲಿ ಕಾಲು ಜಾರಿ ಬಿದ್ದು, ಊದಿದ ಪಾದ ದಿಂಬಿನ ಮೇಲಿಟ್ಟುಕೊಂಡು ಮನೆಯಲ್ಲಿ ಮಹಾರಾಣಿಯ ಹಾಗೆ ಮಲಗಿದ್ದೆ.

"ಉಳದ ಹನ್ನೆರಡು ದಾರ ನಿಂದು" ಎಂದು ಯಂತ್ರ ನನ್ನ ಕೈಗಿಟ್ಟಳು. "ಗುಡ್ಡದ ಮ್ಯಾಲಿನ ಹಕ್ಕಿ ಅಷ್ಟ ಹೊಡಿ. ಹುಳಾ ಬಂದ್ರ ಓಡಿ ಬಾ. ಒಂದು ಗೆದ್ದರ ಒಂದು ಗಂಟು. ತಿಳೀತಿಲ್ಲೋ?"

"ನಾ ಏನು ಸಣ್ಣ ಹುಡುಗಿ ಏನ?"

ಮೊದಲ ದಿನ ಪ್ರಾಮಾಣಿಕವಾಗಿ ಆಡಿದೆ. ಗುಡ್ಡಕ್ಕೆ ಹೋಗಬೇಕಾದರೆ ಒಂದು ಗವಿ ದಾಟಬೇಕು. ಗವಿಯಲ್ಲಿ ಇಂಗ್ಲಿಷ್‌ನಲ್ಲಿ ಏನೇನೋ ಬರೆದು ಬರುತ್ತಿತ್ತು. ನನಗೆ ಓದಲು ಬರುವುದಿಲ್ಲ, ಎಲ್ಲಕ್ಕೂ ಹೂಂ ಎಂದು ಒತ್ತುತ್ತಿದ್ದೆ. ದಾರಿ ತಪ್ಪುತ್ತಿದ್ದೆ. ಮೂರನೇ ದಿನಕ್ಕೆ ಬೇಸರ ಬಂತು. ಊರ ಹೊರಗಿನ ಹುಲ್ಲಿನಲ್ಲೇ ದಪ್ಪ ಹುಳುಗಳು ಕಾಲಿಗೆ ತೊಡರುವಷ್ಟು ಇರುವಾಗ ಅಷ್ಟು ದೂರದ ಗುಡ್ಡ ಯಾಕೆ? ಹುಳು ಹೊಡೆದೆ. ಗಂಟು ಹಾಕಿದೆ. ಇನ್ನೊಂದು ಹುಳು, ಇನ್ನೊಂದು ಗಂಟು. ಆರನೇ ದಿನ ಟೀವಿಯಲ್ಲಿ ಧಾರಾವಾಹಿಯ ಸೊಸೆಗೆ ವಿಷ ಹಾಕುತ್ತಿದ್ದರು. ಯಂತ್ರವನ್ನು ಬದಿಗಿಟ್ಟೆ. ಕಣ್ಣು ಟೀವಿಯ ಮೇಲೆ, ಕೈ ದಾರದ ಮೇಲೆ. ಸೊಸೆ ಬದುಕುವಷ್ಟರಲ್ಲಿ ಮೂವತ್ತು ಗಂಟು ಬಿದ್ದಿದ್ದವು!

ಪ್ಲಾಟಿನಲ್ಲಿ ನಾನು ಒಂದೇ ಒಂದು ಹೂವಿಗೂ ಸುಳ್ಳು ದಾರ ಕಟ್ಟಿದವಳಲ್ಲ. ಆದರೆ ಇದು ಆಟ ತಾನೆ? ಯಾರು ನೋಡುತ್ತಾರೆ?

ಸಂಜೆ ಬಂದ ಅಕ್ಕ ದಾರಗಳನ್ನು ಬೆರಳಲ್ಲಿ ಜಾರಿಸುತ್ತ ಎಣಿಸಿದಳು. "ಶಾಣ್ಯಾಕಿ!" ಎಂದು ನನ್ನ ಊದಿದ ಕಾಲಿಗೆ ಅರಿಶಿನ ಹಚ್ಚಿದಳು. ಆ ಅರಿಶಿನ ಉರಿದಷ್ಟು ಬ್ಯಾಡಗಿಯ ಖಾರವೂ ನನಗೆ ಎಂದೂ ಉರಿದಿಲ್ಲ.

ಈಗ ಆ ಬಸ್ಸಿಗೆ ಬರುತ್ತೇನೆ. ಕಡ್ಡಿ ನಲವತ್ತೊಂಬತ್ತರಲ್ಲಿತ್ತು. ಸೇರಿದ ಅಂಕದ ಫಲ ಲೆವೆಲ್ ಏರಿದಾಗ ಮಾತ್ರ ಹೊರಗೆ ತೋರುತ್ತದಂತೆ. ಅಕ್ಕ ಬಸ್ಸಿನಲ್ಲೇ ಕೊನೆಯದೊಂದು ಕಾದಾಟ ಗೆದ್ದಳು. ಕಡ್ಡಿಗೆ ಐವತ್ತಾಯಿತು. ಚುರುಕಿನ ಅಂಕಿ ನೋಡಿದಳು. ಹಾಳೆ ತೆಗೆದಳು. ಮತ್ತೆ ಪರದೆ ನೋಡಿದಳು. ಹುಬ್ಬು ಗಂಟಾಯಿತು.

"ಭಾಳ ಕಡಿಮಿ ಐತಲ್ಲ?"

ನನ್ನ ಬಾಯಲ್ಲಿ ಶೇಂಗಾ ಕಲ್ಲಾಯಿತು. ಅಕ್ಕ ಚೀಲದಿಂದ ದಾರಗಳ ಕಟ್ಟು ಹೊರಗೆ ತೆಗೆದು, ಕುಲುಕುವ ಬಸ್ಸಿನಲ್ಲಿ ಒಂದೊಂದೇ ಎಣಿಸಿದಳು. ಹನ್ನೊಂದು, ಹನ್ನೆರಡು... ಈಗ ಹೇಳು, ಈಗಲಾದರೂ ಹೇಳು ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಇಪ್ಪತ್ತೈದೂ ಮುಗಿದವು.

"ದಾರ ಬರೋಬರಿ ಅದಾವ" ಎಂದಳು. "ನಾನ ಎಲ್ಲೋ ಲೆಕ್ಕ ತಪ್ಪೇನಿ."

ತನ್ನ ಕಣ್ಣಿಗೆ ಕಂಡ ಅಂಕಿಗಿಂತ ನಾನು ಹಾಕಿದ ಗಂಟನ್ನು ನಂಬಿದಳು! ನಾನು ಕಿಟಕಿಯ ಹೊರಗೆ ನೋಡಿದೆ.

ಚಿಕ್ಕಪ್ಪನ ಅಂಗಡಿಯಲ್ಲಿ ಗೋಡೆಯ ತುಂಬ ಗಡಿಯಾರ, ಒಂದರ ಹೊತ್ತು ಇನ್ನೊಂದಕ್ಕಿಲ್ಲ. ಎರಡು ಯಂತ್ರಗಳ ನಡುವಿನ ವೈರು ಮೊಳದುದ್ದ. ಅಕ್ಕನೂ ತಮ್ಮನೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಇಬ್ಬರೂ ಎರಡೆರಡು ಪ್ರಾಣಿ ಕಳೆದುಕೊಂಡರು. ಉಳಿದವು ಕಡ್ಡಿ ಮತ್ತು ಟೈಗರ್. ಗೋಡೆಯ ಟಿಕ್ ಟಿಕ್ ಎಲ್ಲವೂ ನನ್ನ ತಲೆಯೊಳಗೆ ಬಂದು ಕೂತಿತ್ತು.

ಅಕ್ಕ ಒತ್ತಿ, ಶಾಂತವಾಗಿ ನನ್ನ ಕಡೆ ತಿರುಗಿದಳು. "ನೋಡಾಕತ್ತಿರು. ಕಡ್ಡಿ ಮೊದಲು ಹೊಡೀತೈತಿ."

ಟೈಗರ್ ಮೊದಲು ಹೊಡೆಯಿತು.

ಕಡ್ಡಿ ಒಂದೇ ಏಟಿಗೆ ಬಿತ್ತು. ತಮ್ಮನಿಗೇ ನಂಬಿಕೆ ಬರಲಿಲ್ಲ. ಅಕ್ಕ ವೈರು ಬಿಚ್ಚಿ ಸುತ್ತಿದಳು. ಯಂತ್ರವನ್ನು ಸೆರಗಿನಿಂದ ಒರೆಸಿ, ತಳವನ್ನೂ ಒರೆಸಿ, ಎರಡೂ ಕೈಯಿಂದ ಅವನಿಗೆ ಕೊಟ್ಟಳು. ಆ ಯಂತ್ರದಲ್ಲಿ ಒಂದೇ ಆಟಕ್ಕೆ ಜಾಗ. ಹೊಸದು ಶುರು ಮಾಡಿ ಉಳಿಸಿದರೆ ಹಳೆಯದು ಕಡ್ಡಿಯ ಸಮೇತ ಅಳಿಯುತ್ತದೆ.

"ಹೊಸಾ ಆಟ ಹಚ್ಚಲೇನು, ದೊಡ್ಡಕ್ಕಾ?"

"ಹಚ್ಚು. ನಿಂದಲ್ಲೇನು?"

ಮರಳಿ ಬರುವ ಬಸ್ಸಿನಲ್ಲಿ ಆ ಇಪ್ಪತ್ತೈದು ದಾರಗಳನ್ನು ನನ್ನ ಮಡಿಲಿಗೆ ಹಾಕಿ, "ಜಡಿಗೆ ಕಟಗೋ, ಚಲೋ ದಾರ ಅದಾವ" ಎಂದಳು. ನಾನು ಕಟ್ಟಿಕೊಳ್ಳಲಿಲ್ಲ, ಎಸೆಯಲೂ ಆಗಲಿಲ್ಲ. ನನ್ನ ಟ್ರಂಕಿನ ತಳದಲ್ಲಿಟ್ಟೆ.

ಆಮೇಲೆ ಅಕ್ಕ ಆಟದ ಮಾತೆತ್ತಲಿಲ್ಲ. ಪ್ಲಾಟಿನ ಕೆಲಸ ಮೊದಲಿನಂತೆಯೇ ಮಾಡಿದಳು, ಅದರಲ್ಲಿ ಕುಂದಿಲ್ಲ. ಆದರೆ ದಿಂಬಿನ ಒಳಹೊಲಿಗೆ ಒಂದೇ ಸಲ ಆಯಿತು. ಟ್ರಂಕಿನ ತಳದಲ್ಲಿ ಧೂಳು ಕೂತಿತು. ಅವ್ವ, "ಅಂತೂ ಬುದ್ಧಿ ಬಂತು" ಎಂದು ಸಂತೋಷಪಟ್ಟಳು.

ನಾಲ್ಕು ವರ್ಷದ ಮೇಲೆ, ಒಂದು ಭಾನುವಾರ ತಮ್ಮ ಬ್ಯಾಡಗಿಗೆ ಬಂದ. ಕೈಯಲ್ಲಿ ಇನ್ನೂ ಹೊಸದೊಂದು ಯಂತ್ರ. ಹುಬ್ಬಳ್ಳಿಯಲ್ಲಿ ಯಾರ ಕೈಲೋ ಸೋತು ಬಂದಿದ್ದ.

"ದೊಡ್ಡಕ್ಕಾ, ನೀ ಅವಾಗ ಹೇಳತಿದ್ದೆಲ್ಲ, ಕಾಣದ ಅಂಕ, ಅದು ಖರೇನ? ನನಗ ಕಲಸು."

ನಾನು ಒಲೆಯ ಮುಂದೆ ಚಹಾ ಸೋಸುತ್ತಿದ್ದೆ.

ಅಕ್ಕ ನಕ್ಕಳು. "ಅದರಾಗ ಏನೂ ಇಲ್ಲೋ. ನಾ ಗಂಟು ಎಣಸಿ ಎಣಸಿ ಮಾಡಿ ನೋಡೇನಿ. ನೀ ಸುಮ್ಮ ಆಡಿ ನನ್ನ ಸೋಲಿಸಿದಿ. ಒಳಗಿಂದು ಯಾರಿಗೂ ಬೇಕಾಗಂಗಿಲ್ಲ. ನಾನ ಹುಚ್ಚಿ."

ಸುಮ್ಮನೆ ಆಡಿದವನ ಟೈಗರಿಗೆ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಹೊಡೆದು ಸಾಕಷ್ಟು ಚುರುಕು ಸೇರಿತ್ತು. ಅದನ್ನು ಮೀರಲು ಅಕ್ಕನ ಹದಿಮೂರು ದಾರದ ಚುರುಕೊಂದೇ ಸ್ವಲ್ಪದರಲ್ಲಿ ಸಾಲಲಿಲ್ಲ, ನನ್ನ ಹನ್ನೆರಡು ನಿಜವಾಗಿದ್ದರೆ ಸಾಲುತ್ತಿತ್ತು. ಕಾಣದ ಅಂಕ ಎಷ್ಟು ಮುಖ್ಯವೆಂದು ಆ ದಿನ ಹಾವೇರಿಯಲ್ಲಿ ಸಾಬೀತಾಗಿಯೇ ಹೋಗಿತ್ತು. ಅದು ಗೊತ್ತಿದ್ದವಳು ಜಗತ್ತಿನಲ್ಲಿ ನಾನೊಬ್ಬಳೇ. ನನ್ನಕ್ಕ ತನ್ನನ್ನು ಹುಚ್ಚಿ ಎಂದುಕೊಂಡು ನಾಲ್ಕು ವರ್ಷ ಕಳೆದಿದ್ದಳು.

ಚಹಾ ಅಲ್ಲೇ ಬಿಟ್ಟು ಟ್ರಂಕಿಗೆ ಹೋದೆ. ತಳದಿಂದ ದಾರಗಳನ್ನು ತೆಗೆದೆ. ತಂದು ಅಕ್ಕನ ಮುಂದೆ ಇಟ್ಟು, ನಾನು ಗಂಟು ಹಾಕಿದ ಹನ್ನೆರಡನ್ನು ಬೇರೆ ಮಾಡಿದೆ. ಅವಳು ಒಮ್ಮೆ ದಾರಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಪ್ಲಾಟಿನಲ್ಲಿ ನೋಡುತ್ತಿದ್ದಳಲ್ಲ, ಅದೇ ನೋಟ. ಈ ಸಲ ನಾನು ಕಿಟಕಿಯ ಕಡೆ ತಿರುಗಲಿಲ್ಲ.

"ಅಕ್ಕಾ, ನಿನ್ನ ಲೆಕ್ಕ ಖರೇ ಇತ್ತು. ಈ ಹನ್ನೆರಡು ದಾರದಾಗ ಮೊದಲಿನವು ಬಿಟ್ಟರ ಎಲ್ಲಾ ಗಂಟು ಸುಳ್ಳು. ನಾ ಹುಳಾ ಹೊಡದೆ, ಅದೂ ಬ್ಯಾಸರಾದಾಗ ಬರೇ ಗಂಟು ಹಾಕಿದೆ. ಬಸ್ಸಿನ್ಯಾಗ ನೀ ಎಣಸೂ ಮುಂದ ಹೇಳಬೇಕಿತ್ತು, ಹೇಳಲಿಲ್ಲ. ಕಡ್ಡಿ ಸೋತಿಲ್ಲಕ್ಕಾ, ನೀನೂ ಸೋತಿಲ್ಲ. ನಂದ ತಪ್ಪಾತು. ನನ್ನ ಕ್ಷಮಾ ಮಾಡು."