ಮುದುಕಿಯ ಪ್ರಯಾಣ

ವಿಮಾನಕ್ಕೆ ‘ಮುದುಕಿ’ ಎಂದು ಹೆಸರಿಟ್ಟದ್ದೇ ಎಲ್ಲಕ್ಕೂ ಮೂಲವಾಯಿತು. ಇಟ್ಟವನು ನೀರಿನ ಕಚೇರಿಯ ಗುಮಾಸ್ತ. ಬೆರಳ ತುದಿಯಲ್ಲಿ ಸದಾ ಒಣಗಿದ ಅಂಟು ಇರುತ್ತಿದ್ದುದರಿಂದ ಎಲ್ಲರೂ ಅವನನ್ನು ಅಂಟುರಾಯ ಎನ್ನುತ್ತಿದ್ದರು. ಪುಟ್ಟ ಯುದ್ಧವಿಮಾನಗಳ ಬಿಡಿಭಾಗ ತಂದು, ಅಂಟಿಸಿ, ಬಣ್ಣ ಬಳಿದು ಸಾಲಾಗಿ ನಿಲ್ಲಿಸುವುದು ಅವನ ಹುಚ್ಚು. ಮೊದಲನೆಯದನ್ನು ಚೆಂದ ಕಂಡಿತೆಂದು ಕೊಂಡಿದ್ದ, ಅಷ್ಟೆ. ಆಮೇಲೆ ಅದರ ಹೊಟ್ಟೆಗೇಕೆ ತಿಳಿನೀಲಿ ಬಣ್ಣ ಎಂಬ ಅನುಮಾನ ಹುಟ್ಟಿತು. ಕೆಳಗಿನಿಂದ ನೋಡಿದವರಿಗೆ ಆಕಾಶದಲ್ಲಿ ಕಲೆತುಹೋಗಲಿಕ್ಕೆ ಎಂದು ಒಂದು ಪುಸ್ತಕ ಹೇಳಿತು. ಅಲ್ಲಿಂದ ಮುಂದೆ ವಿಮಾನಕ್ಕೊಂದು ಪುಸ್ತಕ, ಪುಸ್ತಕಕ್ಕೊಂದು ವಿಮಾನ. ಶಾಲೆಯಲ್ಲಿ ಇತಿಹಾಸದ ಪಾಠಕ್ಕೆ ಆಕಳಿಸುತ್ತಿದ್ದವನು ಮಹಾಯುದ್ಧವನ್ನು ಪಕ್ಕದ ಬೀದಿಯ ಜಗಳದಂತೆ ಬಣ್ಣಿಸತೊಡಗಿದ. ಪಾಪ, ಕೇಳುವವರೇ ಇರಲಿಲ್ಲ.

ಈಗಂತೂ ಅವನ ಕೋಣೆಯೂ ಇರಲಿಲ್ಲ. ಒಂದು ವಾರಕ್ಕೆಂದು ಮಗಳ ಮನೆಗೆ ಬಂದ ಅತ್ತೆ ಎರಡು ತಿಂಗಳಿಂದ ಅಲ್ಲೇ ಠಿಕಾಣಿ ಹೂಡಿದ್ದರು. ವಿಮಾನಗಳು ರಟ್ಟಿನ ಡಬ್ಬ ಸೇರಿ ಮಂಚದ ಕೆಳಗೆ ಹೋಗಿದ್ದವು, ಅವನ ಮೇಜಿನ ತುಂಬ ಔಷಧಿ ಸೀಸೆಗಳು ನಿಂತಿದ್ದವು. ಕೊನೆಗೂ ಇವತ್ತು ಸಂಜೆ ಅತ್ತೆಯ ರೈಲು. ನಾಳೆಯಿಂದ ಕೋಣೆಯೂ ಮೇಜೂ ತನ್ನವು ಎಂಬ ಒಂದೇ ಆಸೆಯಲ್ಲಿ ಅಂಟುರಾಯ ಜೀವ ಹಿಡಿದಿದ್ದ. ಹಾಗೆಯೇ ಹೋಗುವ ದಾರಿಯಲ್ಲಿ, ತನ್ನ ಅಚ್ಚುಮೆಚ್ಚಿನ ಮುದುಕಿಯನ್ನು ಆಟಿಕೆ ಅಂಗಡಿಯ ಗಾಜಿನ ಕಪಾಟಿಗೆ ಒಂದು ತಿಂಗಳ ಮಟ್ಟಿಗೆ ಕೊಟ್ಟುಬರುವುದೆಂದೂ ಮಾತಾಗಿತ್ತು.

ಬೆಳಿಗ್ಗೆ ಕಚೇರಿಗೆ ಅಂಗಡಿಯವನ ಫೋನ್ ಬಂತು.

“ಮುದುಕಿ ಇವತ್ತು ಹೊರಡ್ತಾಳೆ, ಅನುಮಾನವೇ ಬೇಡ,” ಎಂದ ಅಂಟುರಾಯ ಹಿಗ್ಗಿನಿಂದ. “ರಾತ್ರಿ ಜಾರಿಬಿದ್ದು ಕತ್ತು ಮುರ್ಕೊಂಡ್ಲು ನೋಡಿ. ಪೆಟ್ಟಿಗೇಲಿ ಮಲಗಿಸಿ ಸುತ್ತ ಹತ್ತಿ ತುಂಬಿದೀನಿ. ಹಾಗೇ ಎಷ್ಟು ಹೊತ್ತು ಇಟ್ಕೊಳ್ಳೋಕಾಗುತ್ತೆ? ಸಂಜೆಯೊಳಗೆ ಸಾಗಿಸಿಬಿಡ್ತೀನಿ.”

ಟೈಪಿಸ್ಟಮ್ಮನ ಬೆರಳುಗಳು ನಿಂತವು. ಹೆಡ್ ಕ್ಲರ್ಕ್ ಕನ್ನಡಕ ತೆಗೆದರು. ಅತ್ತೆಯ ಪುರಾಣವನ್ನು ದಿನವೂ ಕೇಳಿದವರಿಗೆ ಮುದುಕಿ ಯಾರೆಂದು ಬಿಡಿಸಿ ಹೇಳಬೇಕಿರಲಿಲ್ಲ.

“ಅತ್ತೆ ಹೋಗ್ಬಿಟ್ರು ಅಂತ ಕಾಣುತ್ತೆ,” ಎಂದರು ಟೈಪಿಸ್ಟಮ್ಮ ಪಿಸುದನಿಯಲ್ಲಿ.

“ಮತ್ತೆ ಹಾಡು ಗುನುಗ್ತಿದಾನಲ್ಲಮ್ಮ?”

“ದುಃಖ ವಿಪರೀತ ಆದ್ರೆ ಹಾಗೇ ಸಾರ್. ನಮ್ಮ ಭಾವನೂ ನಗ್ತಾನೇ ಇದ್ರು.”

ಹೆಡ್ ಕ್ಲರ್ಕ್ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. “ಮಧ್ಯಾಹ್ನವೇ ಮನೆಗೆ ಹೋಗಪ್ಪ. ಇಂಥ ದಿನ ಎಂಥ ಕೆಲಸ?”

ಅತ್ತೆಯನ್ನು ರೈಲು ಹತ್ತಿಸಲು ಕಚೇರಿಯೇ ರಜೆ ಕೊಡುತ್ತದೆಂದರೆ ಅಂಟುರಾಯನಿಗೆ ಕಣ್ಣು ತುಂಬಿಬಂತು. “ಎರಡು ತಿಂಗಳಿಂದ ಈ ದಿನಕ್ಕೇ ಕಾಯ್ತಿದ್ದೆ ಸಾರ್,” ಎಂದ. ಹೆಡ್ ಕ್ಲರ್ಕ್ ಕೈ ಹಿಂದೆ ತೆಗೆದುಕೊಂಡರು.

ಮುದುಕಿಯ ಕತ್ತಿಗೆಂದು ಹೊಸ ಅಂಟು ಕೊಂಡು ಅವನು ಮನೆ ಮುಟ್ಟುವಷ್ಟರಲ್ಲಿ ಅರ್ಧ ಕಚೇರಿ ಅವನ ಬಾಗಿಲಲ್ಲಿತ್ತು. ಬಾಗಿಲು ತೆರೆದ ಹಿರಿಯಾಕೆಯ ಕೈಗೆ ಬಿಳಿ ಹೂಗುಚ್ಛ ಕೊಟ್ಟು ಟೈಪಿಸ್ಟಮ್ಮ ಮೂಗು ಒರೆಸಿಕೊಳ್ಳುತ್ತಿದ್ದರು.

“ಎಲ್ಲಿ ಮಲಗಿಸಿದೀರಮ್ಮ?”

“ಯಾರನ್ನ?”

“ಹೋಗಿಬಿಟ್ರಲ್ಲ, ಈ ಮನೆ ಯಜಮಾನರ ಅತ್ತೆ.”

“ಅದು ನಾನೇ,” ಎಂದರು ಅತ್ತೆ.

ಹೂಗುಚ್ಛಕ್ಕೆ ಕಟ್ಟಿದ್ದ ಚೀಟಿಯನ್ನು ಅತ್ತೆ ಕಣ್ಣ ಹತ್ತಿರ ಹಿಡಿದು ಗಟ್ಟಿಯಾಗಿ ಓದಿದರು: “ಅಗಲಿದ ಹಿರಿಯ ಜೀವಕ್ಕೆ ನಮನ.”

ಗೇಟಿನಲ್ಲಿ ಅಂಟುರಾಯ ಕಾಣಿಸಿದ. ಹೆಡ್ ಕ್ಲರ್ಕ್ ಫೋನಿನ ಮಾತುಗಳನ್ನು ಒಂದಕ್ಷರ ಬಿಡದೆ ಒಪ್ಪಿಸಿದರು. “ನಮ್ಮಮ್ಮನ್ನ ಮುದುಕಿ ಅಂದ್ರಾ?” ಎಂದಳು ಒಳಗಿನಿಂದ ಬಂದ ಹೆಂಡತಿ. ಆ ದನಿ ಕೇಳಿ ಅಂಟುರಾಯ ನೇರ ಮಂಚದ ಕೆಳಗೆ ನುಗ್ಗಿ ಪೆಟ್ಟಿಗೆ ಎಳೆದುತಂದ.

“ಮುದುಕಿ ಅಂದ್ರೆ ಇದು ಅತ್ತೆ, ನನ್ನಾಣೆ. ಬರೀ ಮರ, ಬಟ್ಟೆಯಲ್ಲಿ ಮಾಡಿದ ಹಳೇ ವಿಮಾನ. ಹಾರೋದು ಕಲಿಸೋಕೆ ಇಟ್ಕೊಂಡಿದ್ದು. ಮಹಾಯುದ್ಧದಲ್ಲಿ ರಷ್ಯಾದ ಹೆಣ್ಣುಮಕ್ಕಳು ಇದನ್ನೇ ಹತ್ತಿ ಕತ್ತಲಲ್ಲಿ ಬಾಂಬ್ ಹಾಕೋಕೆ ಹೊರಟ್ರು. ಹತ್ತಿರ ಬಂದ ಕೂಡಲೇ ಎಂಜಿನ್ ಸದ್ದಡಗಿಸಿ ತೇಲ್ಕೊಂಡು ಬರೋರು. ಶತ್ರುಗಳು ಹೆದರಿ ಮಾಟಗಾತಿಯರು ಅಂತಿದ್ರು.”

“ಹೊಡೆದು ಬೀಳಿಸ್ತಿರಲಿಲ್ವೇ?” ಎಂದರು ಅತ್ತೆ.

“ಅಷ್ಟು ಸುಲಭ ಅಲ್ಲ ಅತ್ತೆ. ಇದು ಅಷ್ಟು ನಿಧಾನ. ಅವರ ವಿಮಾನ ಇದರಷ್ಟು ನಿಧಾನ ಆದ್ರೆ ಅದೇ ಬಿದ್ದುಹೋಗೋದು.”

ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ಹುಟ್ಟಿದಾಗಿನಿಂದ ಎಲ್ಲರಿಂದ ನಿಧಾನ ಎಂದು ಬೈಸಿಕೊಂಡವರು ಅವರು. ಅಂಟುರಾಯನಿಗೋ ಮೊದಲ ಬಾರಿಗೆ ಒಬ್ಬರು ಕೇಳುಗರು ಸಿಕ್ಕಿದ್ದರು. ಸಂತೋಷಕ್ಕೆ ಮೈಮರೆತು ಕೈಬೀಸಿ ಹೇಳಿದ, ಸದ್ದು ಮಾಡಿ ಹೇಳಿದ. ಕಚೇರಿಯವರು ಮೆಲ್ಲಗೆ ಜಾಗ ಖಾಲಿ ಮಾಡಿದರು. ರೈಲಿನ ಹೊತ್ತೂ ಮೀರಿತು.

“ಇಂಥವು ಇನ್ನೂ ಎಷ್ಟಿವೆ?” ಎಂದರು ಅತ್ತೆ.

“ಅರವತ್ತು ಚಿಲ್ಲರೆ,” ಎಂದ ಅಂಟುರಾಯ ಹೆಮ್ಮೆಯಿಂದ.

“ದಿನಕ್ಕೊಂದು ಹೇಳಿ, ಸಾಕು. ಮಗಳೇ, ನನ್ನ ಬಟ್ಟೆ ಪೆಟ್ಟಿಗೆ ಬಿಚ್ಚಮ್ಮ. ಈ ವಿಮಾನ ಎಲ್ಲೂ ಹೋಗೋದು ಬೇಡ, ನನ್ನ ಔಷಧಿ ಪಕ್ಕದಲ್ಲಿ ಇರ್ಲಿ.”

ಬಿಳಿ ಹೂಗುಚ್ಛವೂ ಅದೇ ಮೇಜಿನ ಮೇಲೆ ಚೊಂಬಿನಲ್ಲಿ ನೆಲೆಯಾಯಿತು.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. “ರಾಯರೇ, ಗಾಜು ಒರೆಸಿಟ್ಟು ಕಾಯ್ತಿದೀನಿ, ಮುದುಕಿ ಹೊರಟ್ಲಾ?” ಎಂದ ಅಂಗಡಿಯವ.

ಅಂಟುರಾಯ ಬಾಯಿಗೆ ಕೈ ಅಡ್ಡ ಹಿಡಿದ. “ಹೊರಡೋ ಹಾಗೆ ಕಾಣಲ್ಲ ಸ್ವಾಮಿ. ಮುದುಕಿ ಇಲ್ಲೇ ಬೇರು ಬಿಟ್ಟಿದಾಳೆ.”

“ಅಳಿಯಂದ್ರೇ,” ಕೋಣೆಯಿಂದ ಅತ್ತೆಯ ದನಿ ಬಂತು, “ಯಾವ ಮುದುಕಿ ವಿಷಯ?”

“ವಿಮಾನದ್ದು ಅತ್ತೆ,” ಎಂದ ಅಂಟುರಾಯ.

ಆ ದಿನವೆಲ್ಲ ಅವನು ಹೇಳಿದ ಸುಳ್ಳು ಅದೊಂದೇ.