ಸಂಜೆ ಆರರಿಂದ ಏಳು

ನಮ್ಮ ಕಟ್ಟಡದ ಹಿಂದೆ ಒಂದು ಶಟಲ್ ಕೋರ್ಟ್ ಇದೆ. ನಿವಾಸಿಗಳ ಸಂಘದ ಕಾರ್ಯದರ್ಶಿಯಾದ ನಾನೇ ಅದರ ವೇಳಾಪಟ್ಟಿ ಬರೆದವನು: ಸಂಜೆ ಆರರಿಂದ ಏಳು ಗಂಡಸರಿಗೆ, ಮಧ್ಯಾಹ್ನ ಎರಡರಿಂದ ಮೂರು ಹೆಂಗಸರಿಗೆ. (ಬಿಸಿಲಲ್ಲಿ ವಿಟಮಿನ್ ಇದೆ ಎಂಬ ಕಾಳಜಿ.) ಇಂಥ ದಯಾಮಯ ಆಡಳಿತದ ಮೇಲೆ ಸ್ವಂತ ಹೆಂಡತಿಯೇ ದಂಡೆತ್ತಿ ಬರುವುದೇ?

ಹೊಲಿಗೆ ಯಂತ್ರದ ಮುಂದಿದ್ದವಳು ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದು, "ರೀ, ಎರಡು ಗಂಟೆಗೆ ಅಂಗಾಲು ಸುಡತ್ತೆ. ನಮಗೂ ಸಂಜೆ ಬೇಕು," ಅಂದಳು.

"ಗೆದ್ದು ತಗೊಳ್ಳಿ!" ಎಂದೆ ಮೀಸೆ ತಿರುವುತ್ತಾ.

"ಆಮೇಲೆ ಮಾತು ತಪ್ಪಬಾರದು."

ನನಗೇನು ಭಯ? ಎರಡು ವರ್ಷದಿಂದ ದಿನಾ ಬೆಳಿಗ್ಗೆ ಟೆರೇಸಿನ ಮೇಲೆ ನನ್ನ ಸ್ಮ್ಯಾಶ್ ಅಭ್ಯಾಸಕ್ಕೆ ಅವಳನ್ನೇ ಎದುರು ನಿಲ್ಲಿಸಿಕೊಳ್ಳುತ್ತಿದ್ದೆ. "ನೀನು ಆಡ್ಬೇಡ ಕಣೇ, ಸುಮ್ನೆ ವಾಪಸ್ ಕಳ್ಸು," ಅನ್ನುತ್ತಿದ್ದೆ. ಪಾಪ, ಕಳಿಸುತ್ತಿದ್ದಳು.

ಭಾನುವಾರ ಪಂದ್ಯ. ಈ ಕಡೆ ನಾನು ಮತ್ತು ಮೂರನೇ ಮಹಡಿಯ ಹಲ್ಲಿನ ಡಾಕ್ಟರು. ಆ ಕಡೆ ನನ್ನವಳು ಮತ್ತು ನಿವೃತ್ತ ನರ್ಸಮ್ಮ. ಅಂಪೈರ್ ಕುರ್ಚಿಯಲ್ಲಿ ನನ್ನ ಹೆತ್ತ ತಾಯಿ. ಇಡೀ ಕಟ್ಟಡದ ಹೆಂಗಸರು ಸುತ್ತ ನಿಂತಿದ್ದರು.

ಮೊದಲ ಸ್ಮ್ಯಾಶ್ ಹೊಡೆದೆ. ವಾಪಸ್ ಬಂತು. ಎರಡನೆಯದೂ ಬಂತು. ಮೂರನೆಯದಕ್ಕೆ ಅಮ್ಮ "ಔಟ್!" ಎಂದಳು.

"ಗೆರೆ ಮೇಲೆ ಬಿತ್ತಲ್ಲಮ್ಮಾ!"

"ಗೆರೆ ಎಳೆದೋನು ನೀನು, ನೋಡೋಳು ನಾನು. ಔಟ್ ಅಂದ್ರೆ ಔಟ್."

ಅವರು ಹನ್ನೊಂದು, ನಾವು ನಾಲ್ಕು ಆದಾಗ ಬಾಯಿಬಿಟ್ಟು ಕೇಳಿಯೇಬಿಟ್ಟೆ: "ನಾನೆಲ್ಲಿ ಹೊಡೀತೀನಿ ಅಂತ ನಿಂಗೆ ಮೊದ್ಲೇ ಹೇಗೆ ಗೊತ್ತಾಗತ್ತೆ?"

"ಹೊಡೆಯೋ ಮುಂಚೆ ನಾಲಿಗೆ ಹೊರಗೆ ಹಾಕ್ತೀರಲ್ಲ. ಅದು ಎಡಕ್ಕೆ ಬಂದ್ರೆ ಶಟಲ್ಲೂ ಎಡಕ್ಕೆ. ಎರಡು ವರ್ಷದಿಂದ ನೋಡ್ತಿದ್ದೀನಿ."

"ಹೌದು ಸಾರ್, ನಾನೂ ಗಮನಿಸಿದೀನಿ," ಎಂದರು ಡಾಕ್ಟರು. (ಇವರು ನನ್ನ ಪಾರ್ಟ್ನರ್!)

ಬಾಯಿ ಬಿಗಿಹಿಡಿದು ಹೊಡೆದೆ. ಎಲ್ಲವೂ ನೆಟ್ಟಿಗೆ.

ಇಪ್ಪತ್ತಕ್ಕೆ ಆರು. ಅವರು ಗೆಲ್ಲಲು ಇನ್ನೊಂದೇ ಪಾಯಿಂಟ್. ನಾನು ಮೂಲೆಗೆ ಎತ್ತಿದ ಶಟಲ್ ಹಿಂದೆ, ಲಿಫ್ಟಿನಲ್ಲೂ ದನಿಯೆತ್ತದ ನರ್ಸಮ್ಮ "ನಂದೂ!" ಎಂದು ಕಿರುಚಿ ಓಡಿ, ಎತ್ತಿ ಕಳಿಸಿದರು. ಡಾಕ್ಟರು ಅಪ್ಪಳಿಸಿದರು. ಸಂಘದ ಸಭೆಯಲ್ಲಿ ನನ್ನ ಬೆನ್ನ ಹಿಂದೆ ನಿಂತು ಪಿಸುಗುಡುತ್ತಿದ್ದ ನನ್ನ ಹೆಂಡತಿ ನೆಲಕ್ಕೆ ಬಗ್ಗಿ, ತಲೆಯೆತ್ತಿ, ಅದನ್ನು ನಮ್ಮ ಕಡೆ ಹಾರಿಸಿದಳು. ಎಂಥ ಚೆಂದದ ಹೊಡೆತ! ಎದೆ ತುಂಬಿಬಂತು. ರಾಕೆಟ್ ಕಂಕುಳಲ್ಲಿಟ್ಟು ಜೋರಾಗಿ ಚಪ್ಪಾಳೆ ತಟ್ಟಿದೆ.

ಶಟಲ್ ನನ್ನ ಕಾಲ ಬಳಿಯೇ ಬಿತ್ತು. ಪಂದ್ಯ ಮುಗಿಯಿತು.

ಮರುದಿನ ಸಂಘದ ಸೂಚನಾ ಫಲಕದ ಮೇಲೆ ನನ್ನವಳ ಕೈಬರಹದಲ್ಲಿ ಹೊಸ ವೇಳಾಪಟ್ಟಿ ಬಂತು. ಸಂಜೆ ಆರರಿಂದ ಏಳು: ಹೆಂಗಸರು, ಗಂಡಸರು, ಎಲ್ಲರೂ ಒಟ್ಟಿಗೆ. ಮಧ್ಯಾಹ್ನ ಎರಡರಿಂದ ಮೂರು: ಕಾರ್ಯದರ್ಶಿಯವರೊಬ್ಬರೇ, ನಾಲಿಗೆ ಒಳಗಿಟ್ಟು ಆಡುವ ಅಭ್ಯಾಸ. (ಬಿಸಿಲಲ್ಲಿ ವಿಟಮಿನ್ ಇದೆ.)