ದಣಿದವನಿಗೆ ಜೀವ ಬಂತು

ಒಂದು ಸ್ಕ್ರೂಡ್ರೈವರ್ ಕೇಳಿದ್ದೇ ತಪ್ಪಾಯಿತು.

ಆ ಕಲಾವಿದನನ್ನು ಕಟ್ಟಡದವರೆಲ್ಲ ಹಿಂದಿನಿಂದ ‘ಗುಜರಿ’ ಎಂದೇ ಕರೆಯುತ್ತಿದ್ದರು. ಅವರು ಇಂದು ಬಿಸಾಡಿದ್ದು ನಾಳೆ ಇವನ ಕೋಣೆಯಲ್ಲಿರುತ್ತಿತ್ತು. ಅಂಥ ಸಾಮಾನುಗಳಿಂದಲೇ ಆಳೆತ್ತರದ ಮೂರ್ತಿಯೊಂದನ್ನು ಮಾಡಿದ್ದ. ಟೇಬಲ್ ಫ್ಯಾನಿನ ತಲೆ, ಮಿಕ್ಸಿಯ ಹೊಟ್ಟೆ, ಎದೆಯಲ್ಲಿ ಗೋಡೆ ಗಡಿಯಾರ, ಪಾದಗಳ ಜಾಗದಲ್ಲಿ ಎರಡು ಇಸ್ತ್ರಿಪೆಟ್ಟಿಗೆ. ದುಡಿದು ದುಡಿದು ಕೆಟ್ಟು ನಿಂತ ಮನುಷ್ಯ. ಹೆಸರು ‘ದಣಿದವನು’. ಅದರ ಬಾಗಿದ ಕತ್ತು ನೋಡಿದರೆ ಮಾಡಿದವನಿಗೇ ಅಳು ಬರುತ್ತಿತ್ತು.

ಅಂದು ಮಧ್ಯಾಹ್ನ ಅದನ್ನು ನೋಡಲು ಗ್ಯಾಲರಿಯ ಮೇಡಂ ಬರುವವರಿದ್ದರು. ಬಿಸಾಡಿದ ವಸ್ತುಗಳ ಕಲಾಪ್ರದರ್ಶನಕ್ಕೆ ಅವರು ಕೃತಿಗಳನ್ನು ಆರಿಸುತ್ತಿದ್ದರು. ಇಷ್ಟು ವರ್ಷ ಗೀಚಿ, ಅಂಟಿಸಿ, ಬೆಸೆದವನಿಗೆ ಒಂದು ಪ್ರದರ್ಶನವೂ ದಕ್ಕಿರಲಿಲ್ಲ. ಈ ಸಲವೂ ಆಗದಿದ್ದರೆ ಕೋಣೆ ಖಾಲಿ ಮಾಡಿಸುತ್ತೇನೆಂದು ಹೆಂಡತಿ ಖಡಾಖಂಡಿತವಾಗಿ ಹೇಳಿದ್ದಳು.

ಬೆಳಿಗ್ಗೆ ನೋಡಿದರೆ ಮೂರ್ತಿಯ ತಲೆ ಅಲುಗಾಡುತ್ತಿತ್ತು. ಕೆಳಗಿನ ಮನೆಯ ನಿವೃತ್ತ ಮೆಕ್ಯಾನಿಕ್ ಹತ್ತಿರ ಸ್ಕ್ರೂಡ್ರೈವರ್ ಕೇಳಿದ. ಆ ಪುಣ್ಯಾತ್ಮರು ಯಾರಿಗೂ ಸಾಮಾನು ಕೊಡುವವರಲ್ಲ. ಸಾಮಾನಿನ ಜೊತೆ ತಾವೂ ಬರುವವರು. ಬಂದು, ಡಾಕ್ಟರ ಹಾಗೆ ಮೂರ್ತಿಗೆ ಒಂದು ಸುತ್ತು ಹಾಕಿ, ಇದನ್ನು ತಮಗೆ ಬಿಟ್ಟು ಸ್ನಾನ ಮಾಡಿಕೊಂಡು ಬಾ ಎಂದರು. ಕಲಾವಿದ ನಂಬಿ ಹೋದ. ಸ್ನಾನ ಬೇಗ ಮುಗಿಯಿತು. ಬಣ್ಣ ಮೆತ್ತದ ಅಂಗಿಯೊಂದನ್ನು ಹುಡುಕುವುದರಲ್ಲಿ ಮಧ್ಯಾಹ್ನವಾಯಿತು.

ಬಂದು ನೋಡಿದರೆ ಕೋಣೆಯಲ್ಲಿ ಒಳ್ಳೆ ಗಾಳಿ ಬೀಸುತ್ತಿತ್ತು. ದಣಿದವನ ತಲೆ ಗಿರ್ರನೆ ತಿರುಗುತ್ತಿತ್ತು. ಎದೆಯ ಗಡಿಯಾರ ಸರಿಯಾದ ಸಮಯ ತೋರಿಸುತ್ತಿತ್ತು. ಬಾಗಿದ್ದ ಕತ್ತು ಸಿಪಾಯಿಯ ಕತ್ತಿನಂತೆ ನೆಟ್ಟಗಾಗಿತ್ತು. ಮೆಕ್ಯಾನಿಕ್ ಮಿಕ್ಸಿಯ ಗುಂಡಿ ತಿರುಗಿಸಿದರು. ಹೊಟ್ಟೆ ಗುರ್ರೆಂದಿತು.

“ಒಳಗೆ ವೈರು ಬಿಟ್ಕೊಂಡಿತ್ತು, ಅಷ್ಟೇ ಕಣಪ್ಪ. ಪಾಪ, ಸುಮ್ಮನೆ ನಿಲ್ಲಿಸಿದ್ದೀಯ ಇದನ್ನ.”

ಕಲಾವಿದ ಎಲ್ಲವನ್ನೂ ಮೊದಲಿನಂತೆ ಕೆಡಿಸಿಕೊಡಿ ಎಂದು ಕೈಮುಗಿದ. ಕೆಡಿಸುವ ಕೆಲಸ ತಾವು ಜನ್ಮದಲ್ಲಿ ಮಾಡಿಲ್ಲವೆಂದು ಮೆಕ್ಯಾನಿಕ್ ಮುಖ ಊದಿಸಿಕೊಂಡರು. ಇವನೇ ವೈರು ಕೀಳಲು ಹೋದರೆ ಕೈ ಹಿಡಿದು ತಡೆದರು. ಅಷ್ಟರಲ್ಲಿ ಸದ್ದು ಕೇಳಿ ಮೇಲಿನ ಮನೆಯ ಅತ್ತೆ-ಸೊಸೆ ಇಳಿದು ಬಂದರು. ಹೊಸದು ಬೇಕೆಂದು ಸೊಸೆ ಬಿಸಾಡಿಸಿದ್ದ ಮಿಕ್ಸಿಯನ್ನು ಅತ್ತೆ ನೋಡಿದೊಡನೆ ಗುರುತು ಹಿಡಿದರು. ಅದಕ್ಕೇನೂ ಆಗಿಲ್ಲವೆಂದು ತಾವು ಎಷ್ಟು ಬಡಕೊಂಡರೂ ಯಾರೂ ಕೇಳಲಿಲ್ಲ ಎನ್ನುತ್ತ ಮೂರ್ತಿಯ ಹೊಟ್ಟೆಗೇ ಕೈ ಹಾಕಿದರು. ಒಂದು ಕಡೆ ಅತ್ತೆ, ಇನ್ನೊಂದು ಕಡೆ ಕಲಾವಿದ ಮಿಕ್ಸಿ ಜಗ್ಗಾಡುತ್ತಿದ್ದಾಗ ಗ್ಯಾಲರಿಯ ಮೇಡಂ ಬಾಗಿಲಲ್ಲಿ ಬಂದು ನಿಂತರು.

ಗಾಳಿಗೆ ಹಾರುವ ಕೂದಲು ಸರಿಮಾಡಿಕೊಳ್ಳುತ್ತ ಅವರು ಮೂರ್ತಿಯನ್ನು ನೋಡಿದರು. ಕಲಾವಿದ ಬಾಯಿ ತೆರೆಯುವ ಮೊದಲೇ ಮೆಕ್ಯಾನಿಕ್ ಮುಂದೆ ಬಂದರು.

“ನೋಡಿ ಮೇಡಂ, ಇದರಲ್ಲಿ ಕೆಟ್ಟಿರೋದು ಒಂದೂ ಇಲ್ಲ. ಗ್ಯಾರಂಟಿ ನಂದು.”

ಮೇಡಂ ಮುಖ ಬಾಡಿತು. ಕೆಲಸಕ್ಕೆ ಬಾರದ ವಸ್ತುಗಳಿಂದ ಮಾಡಿದ್ದು ಮಾತ್ರ ತಮಗೆ ಬೇಕು, ಇಲ್ಲಿರುವುದರಲ್ಲಿ ಒಂದು ಹೊಸ ಸಂಸಾರವನ್ನೇ ಹೂಡಬಹುದು ಎಂದು ಬೇಸರದಿಂದಲೇ ಹೇಳಿ ಮೆಟ್ಟಿಲಿಳಿದರು. ಅತ್ತೆ ಮಿಕ್ಸಿಯನ್ನು ಕಿತ್ತುಕೊಂಡು ಹೊರಟರು. ಹೆಂಡತಿ ಅವರಿಗೆ ಬಾಗಿಲು ಅಗಲಿಸಿ ಹಿಡಿದಳು. ಕಲಾವಿದನಿಗೆ ನಿಜಕ್ಕೂ ದುಃಖ ಉಕ್ಕಿ ಬಂತು.

ಆಗ ಮೆಟ್ಟಿಲ ಮೇಲೆ ಮತ್ತೆ ಹೆಜ್ಜೆ ಸದ್ದು. ಮೇಡಂ ಏದುಸಿರು ಬಿಡುತ್ತ ಮರಳಿ ಬಂದಿದ್ದರು. ತೋಳಲ್ಲಿ ಕಾರಿನಿಂದ ತಂದ ಒಂದು ಹಳೆಯ ಫ್ಯಾನು. ತುಕ್ಕು ಹಿಡಿದು, ರೆಕ್ಕೆ ಸೊಟ್ಟಗಾಗಿ, ಕತ್ತು ಜೋತುಬಿದ್ದಿತ್ತು. ಇಷ್ಟು ದಣಿದ ಮುಖವನ್ನು ಕಲಾವಿದ ಜೀವಮಾನದಲ್ಲೇ ಕಂಡಿರಲಿಲ್ಲ. ಇದೊಂದು ಸಿಕ್ಕರೆ ಮೂರ್ತಿಯನ್ನು ಮೊದಲಿನಿಂದ ಕಟ್ಟಬಹುದೆಂದು ಎರಡೂ ಕೈ ಚಾಚಿದ.

ಮೇಡಂ ಅವನನ್ನು ದಾಟಿಕೊಂಡು ಹೋಗಿ ಫ್ಯಾನನ್ನು ಮೆಕ್ಯಾನಿಕ್ ಕೈಗಿಟ್ಟರು.

“ಇದನ್ನ ನಿಮಗೇ ಕೊಡೋಣ ಅಂತ ತಂದಿದ್ದೆ ಕಣ್ರಿ,” ಎಂದರು ಕಲಾವಿದನ ಕಡೆ ತಿರುಗಿ. “ಪುಣ್ಯಕ್ಕೆ ಇವರು ಸಿಕ್ಕಿದ್ರು.”